ಹಗ್ಗದ ಆ ತುದಿ

ನಮ್ಮ ಭಾವ ಫುಟ್‌ಬಾಲ್ ಮೈದಾನಕ್ಕೆ ಗೆರೆ ಹಾಕುವವರು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವ ನಾವು, ಆ ಗೆರೆಯನ್ನು ಬೆಳಗ್ಗೆ ಯಾರೋ ಸೊಂಟ ಬಗ್ಗಿಸಿ ಎಳೆದಿರುತ್ತಾರೆ ಎಂದು ಯಾವತ್ತಾದರೂ ಯೋಚಿಸಿದ್ದೇವೆಯೇ? ನಾನಂತೂ ಇಲ್ಲ. ಗೆರೆ ಸೊಟ್ಟಗಾದ ದಿನ ಮಾತ್ರ ಎಲ್ಲರಿಗೂ ಕಣ್ಣು ಬರುತ್ತದೆ.

ಅಳತೆಗೆ ಅವರದೊಂದು ನೂಲಿನ ಹಗ್ಗವಿತ್ತು. ಯಾವ ಗೆರೆ ಎಷ್ಟು ಉದ್ದ ಎಂಬುದಕ್ಕೆ ಅದರಲ್ಲಿ ಗಂಟುಗಳು. ಹಾಕಿದ್ದು ನನ್ನ ಅಕ್ಕ. ಅವಳು ಒಂದು ತುದಿ ಹಿಡಿದು ಕೂರುತ್ತಿದ್ದಳು. ಭಾವ ಇನ್ನೊಂದನ್ನು ಎಳೆದುಕೊಂಡು ಹೋಗಿ, "ಹಿಡ್ಕೊಂಡ್ಯೇನೇ?" ಎಂದು ಕೂಗುತ್ತಿದ್ದರು.

"ಹಿಡ್ಕೊಂಡಿದೀನಿ, ನೀವು ಬೀಳ್ಬೇಡಿ ಅಷ್ಟೇ!"

ಕೆಲಸ ಮುಗಿದ ಮೇಲೆ ಹಗ್ಗ ಸುತ್ತಿ ತಂದು ಅಡುಗೆಮನೆಯ ಮೊಳೆಗೆ ನೇತುಹಾಕುತ್ತಿದ್ದವಳೂ ಅವಳೇ.

ಅಕ್ಕ ಹೋಗಿ ಆರು ವರ್ಷ. ಆಮೇಲೆ ಆ ತುದಿ ಹಿಡಿದದ್ದು ಒಂದು ಕಬ್ಬಿಣದ ಗೂಟ. ಗೂಟದ ಹತ್ತಿರ ಏನು ಮಾತಾಡುವುದು? ಭಾವನ ಬಾಯಿ ಕಟ್ಟಿಹೋಯಿತು. ಕ್ಲಬ್ಬಿನ ಕಾರ್ಯದರ್ಶಿ ಉಕ್ಕಿನ ಟೇಪು ಕೊಟ್ಟರು. ಅದು ಶೆಡ್ಡಿನಲ್ಲಿ ಮೂಲೆ ಸೇರಿತು.

"ಆ ಹಗ್ಗ ನಂಬ್ಕೊಂಡು ಅಳತೆ ತಪ್ಪಿದ್ರೆ ಮನೇಲೇ ಕೂತ್ಕೊಳ್ಳಿ," ಎಂದರು ಕಾರ್ಯದರ್ಶಿ. ಆ ಖಾಲಿ ಮನೆಯಲ್ಲಿ ಕೂರುವುದಕ್ಕೇ ಭಾವನಿಗೆ ಭಯ.

ಕಳೆದ ವರ್ಷದ ಫೈನಲ್ಲಿನ ಹಿಂದಿನ ಸಂಜೆ, ಮಂಡಿನೋವು ತಾಳಲಾರದೆ ಹಗ್ಗವನ್ನು ಹುಲ್ಲಿನ ಮೇಲೇ ಬಿಟ್ಟು ಬಂದರು. ಇಬ್ಬನಿಯಲ್ಲಿ ನೆನೆದ ನೂಲು ಕುಗ್ಗುತ್ತದೆ. ಗೋಲಿನ ಮುಂದೆ ಹೊಸ ಹುಲ್ಲು ಹಾಸಿದ್ದರಿಂದ ಹಳೆಯ ಗುರುತಿರಲಿಲ್ಲ. ಮರುದಿನ ಬೆಳಗ್ಗೆ ಆ ಒದ್ದೆ ಹಗ್ಗದಲ್ಲೇ ಅಳೆದು ಪೆನಾಲ್ಟಿ ಚುಕ್ಕೆ ಇಟ್ಟರು.

ಆಟಕ್ಕೆ ಮುಂಚೆ ರೆಫರಿ ಹೆಜ್ಜೆ ಹಾಕಿ ನೋಡಿದರು. ಮತ್ತೊಮ್ಮೆ ನೋಡಿದರು. ಚುಕ್ಕೆ ಇರಬೇಕಾದ್ದಕ್ಕಿಂತ ಒಂದು ಗೇಣು ಗೋಲಿಗೆ ಹತ್ತಿರವಿತ್ತು. ಭಾವನನ್ನು ಕರೆಸಿ, ಶೆಡ್ಡಿನಿಂದ ಟೇಪು ತರಿಸಿದರು. ಜನ ಶಿಳ್ಳೆ ಹೊಡೆದರು. ಗೋಲಿನ ಹಿಂದೆ ಮೊದಲ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿದೆ.

ಗೂಟ ತರುವಷ್ಟು ಹೊತ್ತಿರಲಿಲ್ಲ. ರೆಫರಿಯೇ ಗೋಲುಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ತುದಿ ಹಿಡಿದರು. ಭಾವ ಟೇಪು ಎಳೆದುಕೊಂಡು ಹೋಗಿ, ಹಿಂದಿರುಗಿ ನೋಡದೆಯೇ ಕೂಗಿದರು: "ಹಿಡ್ಕೊಂಡ್ಯೇನೇ?"

ಆಟಗಾರರು ಗೊಳ್ಳೆಂದು ನಕ್ಕರು. ರೆಫರಿ ನಗಲಿಲ್ಲ. "ಹಿಡ್ಕೊಂಡಿದೀನಿ ಯಜಮಾನ್ರೇ," ಎಂದರು.

ಭಾವ ಅಲ್ಲೇ ನಿಂತುಬಿಟ್ಟರು. ಭುಜ ಅಲುಗುತ್ತಿತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ಬೆಳಗ್ಗೆ ನಾನು ಹೋಗಿ ಆ ತುದಿ ಹಿಡಿಯಬಹುದಿತ್ತು.

ಆಟ ನಡೆಯಿತು. ರೆಫರಿ ಭಾವನ ಪರವಾಗಿ ಹೇಳಿದ್ದಕ್ಕೆ ಅವರ ಕೆಲಸ ಉಳಿಯಿತು. ಹಗ್ಗವನ್ನು ಮಾತ್ರ ಕಾರ್ಯದರ್ಶಿ ಕಿತ್ತುಕೊಂಡರು.

ಮುಂದಿನ ಭಾನುವಾರ ಬೆಳಗ್ಗೆ ನಾನು ಮೈದಾನಕ್ಕೆ ಹೋದೆ. "ಟೇಪು ಹಿಡಿಯೋಕೆ ಬಂದೆ ಭಾವ," ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

"ನಂಗೀಗ ಗೂಟ ರೂಢಿಯಾಗಿದೆ ಕಣೋ. ನೀನು ಮನೆಗೆ ಹೋಗು."

ನಾನು ಹೋಗಲಿಲ್ಲ. ಅವರು ಟೇಪಿನ ತುದಿಯನ್ನು ಗೂಟಕ್ಕೇ ಸಿಕ್ಕಿಸಿ, ನನ್ನ ಪಕ್ಕದಿಂದಲೇ ನಡೆದುಹೋದರು.