ಪರದೆಯ ಹಿಂದಿನಿಂದ ಕೇಳಿದ ಕಾಣಿಕೆ

ಕಳೆದ ಶುಕ್ರವಾರ ಶ್ರೀನಿವಾಸಪುರದಲ್ಲೇ ಕುರಾನ್ ಓದಿ ಮುಗಿಸಿದ ನನ್ನ ಶಿಷ್ಯೆಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಹೊಸಿಲು ದಾಟುವ ಮೊದಲೇ ಗುಲಾಬಿ ನೀರಿನ ವಾಸನೆ ಬಂತು, ಅದರ ಹಿಂದೆಯೇ ನಮ್ಮ ಆಪಾ ನೆನಪಾದರು. ಅವರನ್ನು ನಿಮಗೆ ಪರಿಚಯಿಸದೆ ಮುಂದೆ ಹೋಗಲಾರೆ.

ಆಪಾ ನನ್ನ ಮದರಸಾದ ಟೀಚರು. ಬ್ರಿಟಿಷರ ಕಾಲದಲ್ಲಿ ಅವರ ತಂದೆ ಮುಳಬಾಗಿಲಿನ ಮದರಸಾದ ಗೋಡೆಗೆ ಭೂಪಟ ತೂಗುಹಾಕಿ, ಲೆಕ್ಕವನ್ನೂ ಹೇಳಿಕೊಟ್ಟು, ‘ಅಂಗ್ರೇಜಿ ಮೌಲ್ವಿ’ ಎಂದು ಬೈಸಿಕೊಂಡವರಂತೆ. “ದಿನಾ ಮಕ್ಕಾ ಕಡೆ ಮುಖ ಮಾಡ್ತೀರಲ್ಲ, ನಡುವೆ ಯಾವ ಸಮುದ್ರ ಇದೆ ಗೊತ್ತಾ?” ಎಂಬುದು ಅವರ ವಾದ. ಮಗಳು ಆಪಾ ಇನ್ನೂ ಒಂದು ಕೈ ಮೇಲು. ಬಾಯಿಪಾಠ ಒಪ್ಪಿಸಿದರೆ ಸಾಲದು, ಅರ್ಥ ಹೇಳಬೇಕು. ಆಮೇಲೆ ಕನ್ನಡ ಪುಸ್ತಕ ತೆಗೆಯಬೇಕು. ನಾನು ಎರಡರಲ್ಲೂ ಅಷ್ಟಕ್ಕಷ್ಟೇ. ಆದರೂ ಓದೆಂದರೆ ಪ್ರಾಣ. ಮನೆಯಲ್ಲಿದ್ದರೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಬೇಕಿತ್ತು, ಅದೂ ಒಂದು ಕಾರಣವೆನ್ನಿ.

ಹೆಣ್ಣುಮಗು ಕುರಾನ್ ಓದಿ ಮುಗಿಸಿದರೆ ಮನೆಯಲ್ಲಿ ಊಟ, ಗುರುವಿಗೆ ಕಾಣಿಕೆ. ಅಲ್ಲಿಗೆ ಅವಳ ಓದೂ ಮುಗಿದಂತೆ. ನನ್ನದೂ ಮುಗಿಯಿತೆಂದು ಅಬ್ಬಾ ತೀರ್ಮಾನಿಸಿಬಿಟ್ಟಿದ್ದರು. ನಮ್ಮ ಮನೆಯ ಆ ಊಟದ ದಿನ ಹೊಸ ಬಟ್ಟೆ ತೊಟ್ಟು, ಮೂಗು ಸೊರಗುಟ್ಟಿಸುತ್ತಾ ಆಪಾ ಪಕ್ಕದಲ್ಲಿ ಕೂತಿದ್ದೆ.

ಅಬ್ಬಾ ಜೊತೆ ಮಾವಿನ ವ್ಯಾಪಾರ ಮಾಡುತ್ತಿದ್ದ ಯಲ್ದೂರಿನ ತೋಟದವರೂ ಬಂದಿದ್ದರು. ವಾಡಿಕೆಯಂತೆ ಅಬ್ಬಾ ಕೇಳಿದರು: “ಆಪಾ, ನಿಮ್ಗೇನು ಕೊಡ್ಲಿ?” ಸೀರೆ ಎನ್ನುವುದು ರೂಢಿ. ಗುರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಆಪಾ ಪರದೆಯ ಹಿಂದಿನಿಂದ, ತೋಟದವರಿಗೂ ತಿಳಿಯಲೆಂದು, ಉರ್ದು ಬಿಟ್ಟು ಬೇಕೆಂದೇ ಕನ್ನಡದಲ್ಲಿ ಹೇಳಿದರು: “ಇವಳನ್ನ ಹೈಸ್ಕೂಲಿಗೆ ಸೇರ್ಸಿ. ನಂಗಷ್ಟೇ ಸಾಕು.”

ಊಟಕ್ಕೆ ಕೂತವರ ಕೈ ತಟ್ಟೆಯಲ್ಲೇ ನಿಂತಿತು. ಯಲ್ದೂರಿನ ಹಿರಿಯರೊಬ್ಬರು ನಕ್ಕು, ತೆಲುಗು ಬೆರೆಸಿ ಹೇಳಿದರು: “ಇಚ್ಚೇಯ್ ಸಾಬ್! ಗುರುಗಳು ಕೇಳವ್ರೆ, ಕೊಟ್ಬಿಡಿ. ಇನ್ನೇನ್ ಯೋಚ್ನೆ?”

ಅಬ್ಬಾ, “ಆಯ್ತು” ಎಂದರು. ನನ್ನ ಜೀವನ ಆ ಒಂದು ಮಾತಿನ ಮೇಲೆ ನಿಂತಿದೆ.

ಆಮೇಲೆ ಆಪಾ ಯಾವ ಮನೆಗೆ ಹೋದರೂ ಇದನ್ನೇ ಕೇಳಿದರು. ಕೆಲವು ಜಾಣ ಅಪ್ಪಂದಿರು ಮಾತಿಗೆ ಅವಕಾಶವನ್ನೇ ಕೊಡದೆ ಸೀರೆ ಮುಂದೊಡ್ಡುತ್ತಿದ್ದರು. ಆಪಾ ಅದನ್ನು ಅಲ್ಲೇ ಇಟ್ಟು ಬರುತ್ತಿದ್ದರು. ಈಗ ಅವರಿಲ್ಲ. ಅದೇ ಮದರಸಾದಲ್ಲಿ ನಾನು ಕುರಾನ್ ಜೊತೆಗೆ ಕನ್ನಡ, ವಿಜ್ಞಾನ ಹೇಳಿಕೊಡುತ್ತೇನೆ, ಕಾಣಿಕೆಯಾಗಿ ಅವರು ಕೇಳಿದ್ದನ್ನೇ ಕೇಳುತ್ತೇನೆ.

ಶುಕ್ರವಾರವೂ ಕೇಳಲು ಸಿದ್ಧಳಾಗಿಯೇ ಹೋಗಿದ್ದೆ. ಹುಡುಗಿಯ ಅಪ್ಪ, ನಂಗಲಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವವನು, ನಾನು ಬಾಯಿ ತೆರೆಯುತ್ತಲೇ ತಡೆದ. “ಹೈಸ್ಕೂಲ್ ಅಂತ ಮಾತ್ರ ಕೇಳ್ಬೇಡಿ ಟೀಚರ್. ಅವಳು ಹೇಗೂ ಹೋಗ್ತಾಳೆ, ಅದೇನು ಯಾರಾದ್ರೂ ಕೇಳಿದ್ಮೇಲೆ ಕೊಡೋದಾ? ಬೇರೆ ಏನಾದ್ರೂ ಕೇಳಿ.”

ಹಾಗಾದರೆ ಇನ್ನೊಂದು ಲೋಟ ಶರಬತ್ತು ಕೊಡಿ ಎಂದೆ. ನಾನು ಹೈಸ್ಕೂಲು ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.