ಶನಿವಾರದ ಮಾತ್ರೆ

ಮೊನ್ನೆ ಬೀರು ಒರೆಸುವಾಗ ಹಳೆಯ ಔಷಧಿ ಕವರೊಂದು ಸಿಕ್ಕಿತು. ಮೇಲೆ ಕೆಂಪು ಪೆನ್ನಿನಲ್ಲಿ 'ಉಂಡ ಮೇಲೇ' ಎಂದು ಬರೆದು ಎರಡು ಗೆರೆ ಎಳೆದಿತ್ತು. ಕೋಣಂದೂರಿನ ನಮ್ಮ ಮೆಡಿಕಲ್ ಶಾಪಿನವರ ಅಕ್ಷರ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ…

ಆಗ ನಮ್ಮ ಅತ್ತೆಗೆ ಎಪ್ಪತ್ತೈದು ದಾಟಿತ್ತು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದೇ ಸಕ್ಕರೆ ಕಾಯಿಲೆಯ ಮಾತ್ರೆ. ಶನಿವಾರ ಮಾತ್ರ ಒಪ್ಪತ್ತು, ರಾತ್ರಿಯೊಂದೇ ಊಟ. ಎರಡನ್ನೂ ತಪ್ಪಿಸಿದವರಲ್ಲ. ಆ ವರ್ಷ ಇದ್ದಕ್ಕಿದ್ದಂತೆ ಬೆವರುವುದು, ಏನೇನೋ ಮಾತಾಡುವುದು ಶುರುವಾಯಿತು. ಒಂದು ದಿನ ನನ್ನನ್ನೇ, "ಯಾರ ಮನೆಯವಳೇ ನೀನು?" ಎಂದರು. ಅರಳುಮರಳು ಎಂದು ನಾವೇ ತೀರ್ಮಾನ ಮಾಡಿದೆವು. ಒಲೆ ಮುಟ್ಟಬೇಡಿ ಎಂದೆ, ಮಗಳ ಕೂಸನ್ನು ಎತ್ತಿಕೊಳ್ಳಬೇಡಿ ಎಂದೆ. ಪಾಪ, ಸರಿಯಿದ್ದ ದಿನವೂ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು.

ಮಾತ್ರೆ ತರಲು ಹೋದಾಗ ಶಾಪಿನವರ ಮುಂದೆ ಇದನ್ನೇ ಗೋಳಾಡಿಕೊಂಡೆ.

"ಯಾವತ್ತ್ಯಾವತ್ತು ಹಿಂಗಾಗೋದು ಅಕ್ಕಾ?"

ಯೋಚಿಸಿದೆ. ಹೋದ ಶನಿವಾರ, ಅದರ ಹಿಂದಿನ ಶನಿವಾರ…

ಕೌಂಟರ್ ಮೇಲಿಟ್ಟ ಮಾತ್ರೆಯನ್ನು ಅವರು ವಾಪಸ್ ಎಳೆದುಕೊಂಡರು. "ಇದನ್ನ ನಾ ಕೊಡಲ್ಲ. ಇವತ್ತೇ ತೀರ್ಥಳ್ಳಿಗೆ ಕರ್ಕೊಂಡ್ ಹೋಗಿ ಡಾಕ್ಟ್ರಿಗೆ ತೋರ್ಸಿ."

ನನಗೆ ಪಿತ್ತ ನೆತ್ತಿಗೇರಿತು. "ಇಪ್ಪತ್ತ್ ವರ್ಷ ಆಗದ್ದು ಈಗೆಂಥ ಆಗ್ತದ್ರೀ? ನೀವೇನ್ ಡಾಕ್ಟ್ರಾ?"

"ಮಾತ್ರೆ ಅದೇ ಅಕ್ಕಾ, ಅಮ್ಮನ ಮೈ ಅದೇ ಅಲ್ಲ. ವಯಸ್ಸಾದ್ಮೇಲೆ ಕಿಡ್ನಿ ನಿಧಾನ ಆಗ್ತದೆ, ಮಾತ್ರೆ ಒಳಗೇ ಉಳ್ಕೊಳ್ತದೆ. ಅದ್ರ ಮೇಲೆ ಉಪವಾಸ ಬೇರೆ. ಶುಗರ್ ಪೂರಾ ಇಳಿದ್ರೆ ಜೀವಕ್ಕೇ ಅಪಾಯ."

ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅದನ್ನೇ ಹೇಳಿದರು. ಈ ವಯಸ್ಸಿಗೆ ಸಕ್ಕರೆ ತುಸು ಹೆಚ್ಚಿದ್ದರೂ ನಡೆಯುತ್ತದೆ, ಇಳಿಯಬಾರದು ಎಂದು ಮಾತ್ರೆ ಬದಲಾಯಿಸಿದರು. ಒಪ್ಪತ್ತು ಬಿಡಿಸುವುದೇ ದೊಡ್ಡ ರಾಮಾಯಣವಾಯಿತು. ಕೊನೆಗೆ ಶಾಪಿನವರೇ ಮನೆಗೆ ಬಂದು, "ದೇವ್ರಿಗೆ ನಾ ಹೇಳ್ಕೊಳ್ತೀನಿ, ನೀವ್ ತಿಂಡಿ ತಿನ್ನಿ ಅಮ್ಮಾ" ಎಂದು ಒಪ್ಪಿಸಿದರು. ತಿಂಗಳೊಳಗೆ ಅತ್ತೆ ಒಲೆ ಮುಂದೆ ನಿಂತು, ನನ್ನ ಸಾರಿಗೆ ಉಪ್ಪು ಕಮ್ಮಿ ಎಂದು ಬೈಯುತ್ತಿದ್ದರು. ಅಬ್ಬಾ, ಎಷ್ಟು ಖುಷಿಯಿಂದ ಬೈಸಿಕೊಂಡೆ!

ಮತ್ತೆ ಎಂಟು ವರ್ಷ ಬದುಕಿದರು. ಕೊನೆಯ ದಿನವೂ ನನ್ನನ್ನು ಹೆಸರು ಹಿಡಿದೇ ಕರೆದರು. ಆ ಋಣ ಶಾಪಿನವರದು. ಬೈದದ್ದಕ್ಕೆ ಕ್ಷಮೆ ಕೇಳಿದಾಗ ನಕ್ಕುಬಿಟ್ಟಿದ್ದರು, ಪುಣ್ಯಾತ್ಮ.

ಆ ಶಾಪಿನವರೂ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನನಗೂ ಎಪ್ಪತ್ತು, ನನಗೂ ಅದೇ ಕಾಯಿಲೆ. ಹೊಸ ಶಾಪಿನವರು ಒಳ್ಳೆಯವರೇ. ಚೀಟಿ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ, ಹೇಗಿದ್ದೀರಿ ಎಂದು ಮಾತ್ರ ಕೇಳುವುದಿಲ್ಲ. ಆದರೂ ನಾನು ಕೌಂಟರ್ ಮುಂದೆ ಒಂದು ಗಳಿಗೆ ನಿಂತೇ ಇರುತ್ತೇನೆ…

"ಇನ್ನೆಂಥ ಬೇಕಿತ್ತಮ್ಮಾ?" ಎನ್ನುತ್ತಾರೆ.

ಮಾತ್ರೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುತ್ತೇನೆ.