ಚೀಲದ ಬಾಯಿಗಿಟ್ಟ ಕಾಳು

ಪರೀಕ್ಷೆಯ ದಿನ ನಿನ್ನನ್ನು ಶಾಲೆಯಿಂದ ಹೊರಗಿಟ್ಟವನು ನಾನು, ರೇಣುಕಾ. ನಿನಗೆ ಜ್ವರ ಬಂದಿರಲಿಲ್ಲ, ನಿನ್ನವ್ವ ನಿನ್ನನ್ನು ಊರಿಗೆ ಕರೆದುಕೊಂಡು ಹೋಗಿರಲಿಲ್ಲ. ಆ ದಿನ ನೀನು ಗೈರುಹಾಜರು ಎಂದಾಯಿತಲ್ಲ — ಅದು ನನ್ನ ಕೆಲಸ. ನೀನು ಅದನ್ನು ಇಂದಿಗೂ ಉಪಕಾರ ಎಂದು ನೆನೆಯುತ್ತೀ. ಅದನ್ನು ನಿನ್ನ ಬಾಯಿಂದ ಕೇಳಿದಾಗಿನಿಂದ ನನ್ನ ಮೇಲೆ ನನಗೇ ಬಂದಿರುವ ಸಿಟ್ಟಿಗೆ ಊಟ ಸೇರುವುದಿಲ್ಲ ಎನ್ನಲೆ? ಅದು ಸುಳ್ಳು. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅದಕ್ಕೇ ಇನ್ನಷ್ಟು ಸಿಟ್ಟು.

ನಾನು ಜೋಳದ ವ್ಯಾಪಾರಿ, ನಿನಗೆ ಗೊತ್ತು. ವಿಜಯಪುರದ ಕಡೆಯಿಂದ ಪುಣೆಗೆ ಬಂದು ಹಮಾಲಿ ಮಾಡಿ, ಬೆನ್ನು ಬಾಗಿಸಿ, ಆಮೇಲೆ ಅಂಗಡಿ ಇಟ್ಟವನು. ಈ ಧಂದೆಯ ಮೊದಲ ಪಾಠ ಹೇಳುತ್ತೇನೆ, ಕೇಳು. ಕೊಳ್ಳುವವನು ಇಡೀ ಚೀಲ ಸುರುವಿ ನೋಡುವುದಿಲ್ಲ. ಚೂಪು ತುದಿಯ ಕಬ್ಬಿಣದ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚುತ್ತಾನೆ. ಅದರೊಳಗೆ ಇಳಿದು ಬಂದ ಕಾಳನ್ನು ಅಂಗೈಗೆ ಹಾಕಿಕೊಂಡು, ಒಂದೆರಡನ್ನು ಹಲ್ಲಿನಲ್ಲಿ ಕಡಿದು, ದರ ಹೇಳುತ್ತಾನೆ. ಕೊಳವೆ ಎಲ್ಲಿ ಇಳಿಯುತ್ತದೆಂದು ಬಲ್ಲವನು ಒಳ್ಳೆಯ ಕಾಳನ್ನು ಅಲ್ಲಿಯೇ, ಚೀಲದ ಬಾಯಿಯ ಬಳಿ, ತುಂಬುತ್ತಾನೆ. ಹುಳ ಹಿಡಿದದ್ದು ತಳಕ್ಕೆ. ಹಾಗೆ ತುಂಬಿದ್ದೇನೆ ನಾನು, ಬೇರೆಯವರು ತುಂಬಿದ್ದನ್ನು ಹಿಡಿದೂ ಇದ್ದೇನೆ. ಜೋಳದಲ್ಲಿ ಮೋಸ ಹೋದವನು ಮುಂದಿನ ಸಲ ನಿನ್ನ ಅಂಗಡಿ ಹತ್ತುವುದಿಲ್ಲ, ಅಷ್ಟೇ. ಮಕ್ಕಳಲ್ಲಿ —

ಇರಲಿ, ಸಾಲಾಗಿಯೇ ಹೇಳುತ್ತೇನೆ.

ಆಗ ನೀನು ಮೂರನೆಯ ಇಯತ್ತೆ. ನಮ್ಮ ಸಣ್ಣ ಕನ್ನಡ ಶಾಲೆಯ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು. ನನ್ನ ಸ್ವಂತ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರಕೂನರು, ಅಂಗಡಿಯವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಅವರ ಜಾಗಕ್ಕೆ ಬಂದವರು ನೀವು — ಪುಣೆಯಂಚಿನ ಖರಾಡಿಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿದ್ದ ಯಾದಗಿರಿ ಕಡೆಯ ಕೂಲಿಯವರ ಮಕ್ಕಳು. ಒಂದು ಕಟ್ಟಡ ಮುಗಿದರೆ ಇನ್ನೊಂದು ಕಡೆ, ನಡುವೆ ಶಾಲೆ ತಪ್ಪುತ್ತಿತ್ತು. ಆ ವರ್ಷ ಸರಕಾರದವರು ಎಲ್ಲ ಶಾಲೆಗಳ ಮೂರನೆಯ ಇಯತ್ತೆಗೆ ಒಂದೇ ಪರೀಕ್ಷೆ ಇಟ್ಟರು. ಓದು, ಲೆಕ್ಕ, ಅಷ್ಟೇ. ಫಲಿತಾಂಶ ಬಿದ್ದ ಶಾಲೆಯನ್ನು ಮುಚ್ಚಿ ಪಕ್ಕದ ಶಾಲೆಗೆ ಸೇರಿಸುತ್ತಾರೆಂಬ ಸುದ್ದಿ ಹಬ್ಬಿತು. ಯಾರು ಹೇಳಿದರೋ, ನಾನು ವಿಚಾರಿಸಲೂ ಇಲ್ಲ. ಚೀಲಕ್ಕೆ ಕೊಳವೆ ಬೀಳುತ್ತದೆ ಎಂಬುದೊಂದೇ ನನ್ನ ತಲೆಗೆ ಹೊಕ್ಕಿತು.

ಹಿಂದೆ ಬಿದ್ದ ಮಕ್ಕಳನ್ನು ಆ ದಿನ ಕಾತ್ರಜದ ಪ್ರಾಣಿಗಳ ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ, ಖರ್ಚೆಲ್ಲ ನನ್ನದು ಎಂದೆ. ಶಾಲೆಯ ಮುಖ್ಯ ಶಿಕ್ಷಕಿ, ನಮ್ಮ ಹೆಡ್ ಅಕ್ಕೋರು, ತಡೆದರು.

“ಸಾವಕಾರ್ರ, ಅದು ನಮ್ಮನ್ನ ತೂಗೂ ಪರೀಕ್ಷಾ ಅಲ್ರಿ,” ಎಂದರು. “ಯಾವ ಕೂಸಿಗಿ ಓದ್ಲಿಕ್ಕ ಬರೂದಿಲ್ಲ ಅಂತ ನೋಡ್ತಾರ. ಅಂಥಾ ಮಕ್ಕಳು ಇದ್ದಲ್ಲಿ ಕಲಸ್ಲಿಕ್ಕ ಬ್ಯಾರೆ ಮಾಸ್ತರ್ನ ಕೊಡ್ತಾರ.”

“ಶಾಲಿನೇ ಮುಚ್ಚಿದ್ರ ಆ ಮಾಸ್ತರ ಬಂದು ಯಾರಿಗಿ ಕಲಸ್ತಾನ್ರಿ, ಗೋಡಿಗೇನು?”

ಎದುರಿನವರಲ್ಲಿ ಉತ್ತರ ಉಳಿಯದ ಹಾಗೆ ಮಾಡಿಯೇ ನಾನು ಈ ಊರಲ್ಲಿ ಮನೆ ಕಟ್ಟಿದ್ದು. ಅವರು ಸುಮ್ಮನಾದರೆ ನನ್ನದು ಸರಿ ಎಂದೇ ತಿಳಿಯುತ್ತಿದ್ದೆ. ಎಂಥ ಹುಂಬ.

ಉಳಿದ ಪಾಲಕರೆಲ್ಲ ಒಂದೇ ಮಾತಿಗೆ ಒಪ್ಪಿದರು. ಸಾವಕಾರ ತನ್ನ ಖರ್ಚಿನಲ್ಲಿ ಮಕ್ಕಳಿಗೆ ಹುಲಿ ತೋರಿಸುತ್ತಾನೆಂದರೆ ಬೇಡ ಎನ್ನುವವರು ಯಾರು? ನಿನ್ನವ್ವ ದೇವಕ್ಕ ಒಬ್ಬಳೇ ಒಪ್ಪಲಿಲ್ಲ. ಸಿಮೆಂಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತು ಕೇಳಿದಳು:

“ಅವತ್ತ ಪರೀಕ್ಷಾ ಅದ ಅಂತ ನಮ್ಮ ಕೂಸು ಹೇಳ್ತದಲ್ರೀ?”

“ಆ ಪರೀಕ್ಷಾ ನಿನ್ನ ಕೂಸಿಗಲ್ಲ, ತಂಗಿ.”

ಇಷ್ಟೇ ನಾನು ಹೇಳಿದ್ದು. ದನಿ ಏರಿಸಲಿಲ್ಲ, ಬೈಯಲಿಲ್ಲ. ತಂಗಿ ಎಂದೆ. ಆಕೆ ಹೂಂ ಎಂದು ತಲೆಯಾಡಿಸಿದಳು. ಶಾಲೆಯ ಮಾತು ಶಾಲೆಯವರಿಗೇ ಗೊತ್ತು ಎಂದುಕೊಂಡಿರಬೇಕು.

ಪರೀಕ್ಷೆಯ ದಿನ ನನ್ನ ಜೋಳದ ಟೆಂಪೋದಲ್ಲಿ ನಿಮ್ಮನ್ನೆಲ್ಲ ಹತ್ತಿಸಿದೆ — ಚೀಲ ಹೇರುವ ಹಾಗೆ. ನೀನು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯಲ್ಲಿ, ಹಣೆಗೆ ದೇವರ ಅಂಗಾರ ಇಟ್ಟುಕೊಂಡು ಬಂದಿದ್ದೆ. ಕೈಯಲ್ಲಿ ಹೊಸದಾಗಿ ಚೂಪು ಮಾಡಿದ ಪೆನ್ಸಿಲ್. ಎಲ್ಲ ಹೇಳಿದ ಮೇಲೂ ನಿನ್ನವ್ವ ನಿನ್ನನ್ನು ಪರೀಕ್ಷೆಗೆ ಕಳಿಸುವ ಹಾಗೆಯೇ ಕಳಿಸಿದ್ದಳು. ಹುಲಿಯ ಪಂಜರದ ಮುಂದೆಯೂ ನೀನು ಆ ಪೆನ್ಸಿಲ್ ಬಿಡಲಿಲ್ಲ. ನಾನು ನೋಡಿದೆ. ನೋಡಿ, ನಿಮಗೆಲ್ಲ ಐಸ್‌ಕ್ಯಾಂಡಿ ಕೊಡಿಸಿದೆ.

ಫಲಿತಾಂಶ ಬಂತು. ನಮ್ಮ ಶಾಲೆಯ ಹೆಸರು ಮೇಲೆ ಬಂತು. ನನಗೆ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ನಮ್ಮ ಜನ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ದಿನ ನೀವೆಲ್ಲ ಎಲ್ಲಿದ್ದಿರಿ ಎಂದು ಒಬ್ಬನೂ ಕೇಳಲಿಲ್ಲ, ಒಬ್ಬನೂ! ಕೆಲವರಿಗೆ ಗೊತ್ತಿತ್ತು. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರನ್ನು ಮುಂದೆ ಮಾಡಿ ನಾನು ಹಿಂದೆ ನಿಲ್ಲುವುದಿಲ್ಲ.

ಮುಂದೆ ಹೆಡ್ ಅಕ್ಕೋರು ಹಿಂದೆ ಬಿದ್ದವರಿಗಾಗಿ ಇನ್ನೊಬ್ಬ ಮಾಸ್ತರನನ್ನು ಕೇಳಲು ಹೋದರು. ನಿಮ್ಮಲ್ಲಿ ಎಲ್ಲರೂ ಓದುತ್ತಾರಲ್ಲ, ನಿಮಗ್ಯಾಕೆ ಎಂದು ಅಧಿಕಾರಿ ನಗುತ್ತಲೇ ಕಳಿಸಿದನಂತೆ. ಅವರು ಬಂದು ನನಗೆ ಹೇಳಿದಾಗ ನಾನೂ ನಕ್ಕೆ. ಒಳ್ಳೆಯ ಹೆಸರಾಯಿತಲ್ಲ ಬಿಡ್ರಿ ಎಂದೆ. ಮಾಸ್ತರ ಬರಲಿಲ್ಲ. ನೀನು ಓದಲು ಬಾರದೆಯೇ ನಾಲ್ಕನೆಯದಕ್ಕೆ ಹೋದೆ, ಐದಕ್ಕೆ ಹೋದೆ, ಒಂದು ದಿನ ಹೋಗುವುದನ್ನೇ ಬಿಟ್ಟೆ. ಶಾಲೆ ಇನ್ನೂ ನಡೆಯುತ್ತಿದೆ. ಶಾಲೆ ಉಳಿಸಿದೆನಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಯಾರಿಗಾಗಿ ಉಳಿಸಿದೆ ಎಂದು ಕೇಳಿಕೊಳ್ಳಲಿಲ್ಲ.

ಹೋದ ವಾರ ನೀನು ಜೋಳಕ್ಕೆ ಬಂದೆ. ಎತ್ತರ ಬೆಳೆದಿದ್ದೀ, ನಿನ್ನವ್ವನ ಮುಖವೇ. ಗುಳಿಗೆಯ ಎರಡು ಪಟ್ಟಿ ನನ್ನ ಮುಂದಿಟ್ಟೆ.

“ಕಾಕಾ, ಅವ್ವಗ ಡಾಕ್ಟರ್ ಕೊಟ್ಟಾರ್ರಿ. ಇದ್ರಾಗ ಸಕ್ಕರಿ ಬ್ಯಾನಿದು ಯಾವ್ದು, ಬಿಪಿದು ಯಾವ್ದು, ನೋಡಿ ಹೇಳ್ರಿ. ಒಂದೇ ನಮೂನಿ ಕಾಣ್ತಾವ.”

ಓದಿ ಹೇಳಿದೆ. ಶಾಲೆ ಯಾಕೆ ಬಿಟ್ಟೆ ಎಂದು — ಗೊತ್ತಿದ್ದೂ — ಕೇಳಿದೆ. ನೀನು ನಕ್ಕೆ.

“ನನ್ನ ತಲಿನೇ ಅಷ್ಟ, ಕಾಕಾ. ಹತ್ತಲಿಲ್ಲ. ಆದ್ರ ನೀವ್ ಹುಲಿ ತೋರ್ಸಿದ್ದು ಮರ್ತಿಲ್ಲ ನೋಡ್ರಿ. ಸಾಲ್ಯಾಗಿಂದು ಅದೊಂದ ಭಾಳ ಛಲೋ ನೆನಪು.”

“ನನ್ನ ತಲೆಯೇ ಅಷ್ಟು” ಅಂತೆ! ನಿನ್ನ ತಲೆಗೇನಾಗಿತ್ತು, ಹುಚ್ಚಿ? ತಳಕ್ಕೆ ಹಾಕಿದವನು ನಾನು. ಹಾಕಿಸಿಕೊಂಡ ನೀನು ನಿನ್ನನ್ನೇ ಹುಳ ಹಿಡಿದ ಕಾಳು ಎಂದು ನಂಬಿಕೊಂಡೆ, ಮೇಲೆ ನನಗೇ ಕೈ ಮುಗಿದೆ.

ಬುದ್ಧಿ ಹೇಳುವ ಚಟ ನನ್ನದು, ಸಾಯುವ ತನಕ ಹೋಗುವುದಿಲ್ಲ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಿಮ್ಮ ಶಾಲೆಯ ಫಲಿತಾಂಶ ಭರ್ಜರಿ ಬಂತೆಂದು ಯಾರಾದರೂ ಪೇಢೆ ಹಂಚಿದರೆ, ಬಾಯಿಗೆ ಹಾಕಿಕೊಳ್ಳುವ ಮುಂಚೆ ಕೇಳಿರಿ — ಪರೀಕ್ಷೆಯ ದಿನ ಯಾರು ಬಂದಿರಲಿಲ್ಲ? ಹೆಸರು ಹಿಡಿದು ಕೇಳಿರಿ. ನನ್ನಂಥವನು ಎದುರಿಗಿದ್ದರೆ ನಿಮ್ಮಲ್ಲಿ ಮಾತು ಉಳಿಯದ ಹಾಗೆ ಮಾಡುತ್ತಾನೆ. ಆದರೂ ಏಳಬೇಡಿರಿ, ಕೂತು ಕೇಳಿರಿ.

ರೇಣುಕಾ, ನೀನು ಇದನ್ನು ಓದಲಾರೆ. ಅದು ಗೊತ್ತಿದ್ದೇ ಕಾಗದದ ಮೇಲೆ ಬರೆದೆ. ಓದಲು ಬಾರದವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸಸ್ತಾ — ಇಲ್ಲಿಯೂ ನಾನು ಚೀಲದ ಬಾಯಿಗೆ ಒಳ್ಳೆಯ ಕಾಳೇ ಇಟ್ಟೆ. ಸಾಕು. ನೀವು ಈಗಲೂ ಖರಾಡಿಯ ಶೆಡ್ಡಿನಲ್ಲೇ ಇದ್ದೀರಿ, ನಾಳೆ ನಾನೇ ಅಲ್ಲಿಗೆ ಬರುತ್ತೇನೆ. ನಿನ್ನ ಮುಂದೆ, ನಿನ್ನವ್ವನ ಮುಂದೆ, ಶೆಡ್ಡಿನ ಜನವೆಲ್ಲ ಕೇಳುವ ಹಾಗೆ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಅದೂ ಚೌಕಾಶಿಯೇ. ಒಂದೇ ಮಾತು ಹೇಳುವುದಿದೆ, ಅಂದು ನಿನ್ನವ್ವನಿಗೆ ಹೇಳಬೇಕಾಗಿದ್ದ ಮಾತು:

ಆ ಪರೀಕ್ಷಾ ನಿನ್ನ ಕೂಸಿಗೇ ಇತ್ತು, ತಂಗಿ.